ಎಚ್‌ಐವಿ ಚಿಕಿತ್ಸೆ: ಮೊದಲ ವಾರಗಳಲ್ಲಿ ಯಕೃತ್ತಿನ ಮೇಲೆ ಕಣ್ಣಿರಲಿ

ಕಣ್ಣು ಹಳದಿಯಾಯಿತೆಂದರೆ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಅನೇಕರಿಗೆ ಮೊದಲು ನೆನಪಾಗುವುದು ನಾಟಿ ಔಷಧಿ. ‘ಕಾಮಾಲೆ ಇರಬೇಕು, ನೆಲನೆಲ್ಲಿ ರಸ ಕುಡಿದು ಪಥ್ಯ ಮಾಡಿ’ ಎನ್ನುವ ಹಿರಿಯರು ಮನೆಮನೆಯಲ್ಲೂ ಇದ್ದಾರೆ. ಆದರೆ ಆ ವ್ಯಕ್ತಿ ತಿಂಗಳ ಹಿಂದಷ್ಟೇ ಎಚ್‌ಐವಿ ಚಿಕಿತ್ಸೆ ಆರಂಭಿಸಿದ್ದರೆ? ಆ ವಿಷಯ ಮನೆಯವರಿಗೇ ಗೊತ್ತಿಲ್ಲದಿದ್ದರೆ? ಆಗ ಕಳೆದುಹೋಗುವ ಒಂದೊಂದು ದಿನವೂ ಅಪಾಯವೇ.

ಯಕೃತ್ತಿಗೇಕೆ ತೊಂದರೆ?

ನಾವು ನುಂಗುವ ಬಹುಪಾಲು ಔಷಧಗಳನ್ನು ಕರಗಿಸಿ ಹೊರಹಾಕುವ ಕೆಲಸ ಬಲಪಕ್ಕೆಲುಬಿನ ಕೆಳಗಿರುವ ಯಕೃತ್ತಿನದು. ಭಾರತದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ 2004ರ ಏಪ್ರಿಲ್ 1ರಂದು ಆರಂಭವಾದಾಗ ನೆವಿರಪಿನ್ ಎಂಬ ಮಾತ್ರೆ ಅದರ ಮುಖ್ಯ ಭಾಗವಾಗಿತ್ತು. ಅದು ಲಕ್ಷಾಂತರ ಜೀವ ಉಳಿಸಿತು. ಆದರೆ ಕೆಲವರ ಯಕೃತ್ತಿಗೆ ತೀವ್ರ ಹಾನಿಯನ್ನೂ ಮಾಡಿತು. ಮೊದಲ 18 ವಾರ, ಅದರಲ್ಲೂ ಮೊದಲ 6 ವಾರ ಹೆಚ್ಚು ಅಪಾಯದ ಕಾಲ. ಆಶ್ಚರ್ಯವೆಂದರೆ, ರೋಗನಿರೋಧಕ ಶಕ್ತಿ ಇನ್ನೂ ಚೆನ್ನಾಗಿರುವವರಲ್ಲೇ, ಅದರಲ್ಲೂ ಮಹಿಳೆಯರಲ್ಲಿ, ಈ ಅಪಾಯ ಹೆಚ್ಚು. ಈ ಮಾತ್ರೆಯನ್ನು ಮೊದಲ 14 ದಿನ ಅರ್ಧ ಪ್ರಮಾಣದಲ್ಲಿ ಕೊಟ್ಟು ನೋಡುವ ಕ್ರಮವಿತ್ತು.

ಈಗ ಚಿಕಿತ್ಸೆ ಆರಂಭಿಸುವ ಹೆಚ್ಚಿನ ವಯಸ್ಕರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಮಾತ್ರೆ ದೊರೆಯುತ್ತದೆ. ಇದರಿಂದ ಯಕೃತ್ತಿಗೆ ಹಾನಿಯಾಗುವುದು ಅಪರೂಪ. ಹಾಗೆಂದು ಎಚ್ಚರ ತಪ್ಪುವಂತಿಲ್ಲ.

ಮೂರು ಸಂದರ್ಭಗಳು

ಮೊದಲನೆಯದು ಕ್ಷಯ. ಎಚ್‌ಐವಿ ಇದ್ದವರಲ್ಲಿ ಕ್ಷಯವೂ ಸಾಮಾನ್ಯ. ಅದಕ್ಕೆ ಕೊಡುವ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಯಕೃತ್ತನ್ನು ಬಾಧಿಸಬಲ್ಲವು. ಜತೆಗೆ ರಿಫಾಂಪಿಸಿನ್ ಸೇವಿಸುವವರಿಗೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಬಾರಿ ಬೇಕಾಗುತ್ತದೆ.

ಎರಡನೆಯದು ಹೆಪಟೈಟಿಸ್ ಬಿ ಮತ್ತು ಸಿ. ದೇಹದ ಶಕ್ತಿ ಮರಳುತ್ತಿದ್ದಂತೆ ಅದು ಯಕೃತ್ತಿನಲ್ಲಿ ಅಡಗಿದ ವೈರಸ್ಸಿನ ಮೇಲೆ ಏರಿಹೋಗುತ್ತದೆ. ಆಗ ಯಕೃತ್ತೇ ಊದಿಕೊಳ್ಳಬಹುದು. ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಹೆಪಟೈಟಿಸ್ ಬಿಯನ್ನೂ ಹತೋಟಿಯಲ್ಲಿಡುತ್ತವೆ. ಹೀಗಾಗಿ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಆ ರೋಗ ಮತ್ತೆ ಕೆರಳುತ್ತದೆ.

ಮೂರನೆಯದು ಮದ್ಯ. ಮೊದಲೇ ಬಳಲಿದ ಯಕೃತ್ತಿಗೆ ಮತ್ತೊಂದು ಹೊರೆ ತಡೆಯದು.

ಲಕ್ಷಣಗಳೇನು?

ಊಟ ಸೇರದಿರುವುದು, ವಾಂತಿ, ವಿಪರೀತ ಸುಸ್ತು, ಹೊಟ್ಟೆಯ ಬಲಭಾಗದಲ್ಲಿ ನೋವು, ಕಡು ಬಣ್ಣದ ಮೂತ್ರ, ಹಳದಿ ಕಣ್ಣು. ಇವುಗಳ ಜತೆ ಜ್ವರ, ಮೈಮೇಲೆ ಗಂಧೆ ಕಂಡರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಎಸ್‌ಜಿಪಿಟಿ ಎಂಬ ರಕ್ತಪರೀಕ್ಷೆ ಹಾನಿಯ ಸುಳಿವು ನೀಡುತ್ತದೆ. ಮಾತ್ರೆ ನಿಲ್ಲಿಸಬೇಕೇ, ಬದಲಿಸಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ನೆರೆಮನೆಯವರಲ್ಲ.

ಮುಚ್ಚಿಟ್ಟರೆ ಮೋಸ

ಮಾಲೂರಿನ ಇಟ್ಟಿಗೆ ಗೂಡಿನ ಕಾರ್ಮಿಕನೊಬ್ಬ, ಶ್ರೀನಿವಾಸಪುರದ ಮಾವಿನ ಮಂಡಿಯ ಹಮಾಲಿಯೊಬ್ಬ, ಮುಳಬಾಗಿಲಿನ ಹೆದ್ದಾರಿಯಲ್ಲಿ ಓಡಾಡುವ ಲಾರಿ ಚಾಲಕನೊಬ್ಬ ಕೋಲಾರಕ್ಕೆ ಹೋಗಿ ಯಾರಿಗೂ ತಿಳಿಯದಂತೆ ಮಾತ್ರೆ ತರುತ್ತಾನೆಂದುಕೊಳ್ಳಿ. ಊರಿನ ಡಾಕ್ಟರ ಮುಂದೆ ಮಾತ್ರೆಯ ಹೆಸರು ಹೇಳಲು ಅವನಿಗೆ ನಾಚಿಕೆ. ಗೊತ್ತಿಲ್ಲದ ಡಾಕ್ಟರು ಯಕೃತ್ತಿಗೆ ಭಾರವಾಗುವ ಇನ್ನೊಂದು ಔಷಧ ಬರೆಯಬಹುದು. ಇತ್ತ ಮನೆಯಲ್ಲಿ ನಾಟಿ ಕಷಾಯ ಸೇರಿದರೆ ಕೆಡುಕಿನ ಮೂಲ ಯಾವುದೆಂದೇ ತಿಳಿಯದು.

ರೋಗಿಯ ಒಪ್ಪಿಗೆಯಿಲ್ಲದೆ ಎಚ್‌ಐವಿ ವಿಷಯ ಬಹಿರಂಗಪಡಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಊರಿಗೆಲ್ಲ ಹೇಳಬೇಕಿಲ್ಲ, ಚಿಕಿತ್ಸೆ ನೀಡುವ ವೈದ್ಯರಿಗೆ ಹೇಳಿದರೆ ಸಾಕು. ಸಂದೇಹವಿದ್ದರೆ ಉಚಿತ ಸಹಾಯವಾಣಿ 1097 ಇದೆ.

ಮಕ್ಕಳು ಶಾಲೆಯಲ್ಲಿ ಎಚ್‌ಐವಿ ಹೇಗೆ ಹರಡುತ್ತದೆಂಬುದನ್ನು ಕಲಿಯುತ್ತಾರೆ. ಚಿಕಿತ್ಸೆ ಪಡೆಯುವವರು ಹೇಗೆ ಬಾಳುತ್ತಾರೆಂಬುದೂ ಅಷ್ಟೇ ಮುಖ್ಯ ಪಾಠ. ಮಾತ್ರೆಗೆ ಹೆದರಿ ಚಿಕಿತ್ಸೆ ಬಿಟ್ಟವರಿಗೆ ಕಾದಿರುವ ಕೇಡು ಮಾತ್ರೆಯಿಂದಾಗುವ ಕೇಡಿಗಿಂತ ಬಹಳ ದೊಡ್ಡದು. ಮನೆಯಲ್ಲಿ ನಾಚಿಕೆಯಿಲ್ಲದೆ ಮಾತನಾಡುವ ವಾತಾವರಣವಿದ್ದರೆ ಹಳದಿ ಕಣ್ಣು ಕಂಡ ದಿನವೇ ರೋಗಿ ಆಸ್ಪತ್ರೆ ತಲುಪುತ್ತಾನೆ.