ತಟ್ಟೆಯ ಪ್ರಸಾದ, ಕೊರಳ ತಾಳಿ

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಅಂತರಘಟ್ಟೆ ಅಮ್ಮನ ಜಾತ್ರೆ ಎಂದರೆ ಎತ್ತಿನ ಗಾಡಿಗಳು ಸಾಲುಗಟ್ಟುವ ಕಾಲ. ಜಾತ್ರೆಗೆ ಹೋಗಿ ಬಂದವರು ನೆರೆಮನೆಗಳಿಗೆ ಪ್ರಸಾದ ಕೊಡುವುದು ವಾಡಿಕೆ. ಆ ಬೀದಿಯಲ್ಲಿ ಕ್ರೈಸ್ತರ ಮನೆಯೊಂದಿದ್ದರೆ ಅಲ್ಲಿ ಸಣ್ಣ ಇಕ್ಕಟ್ಟು. ತೆಗೆದುಕೊಂಡರೆ ನಂಬಿಕೆಗೆ ಲೋಪವೇ? ಬೇಡವೆಂದರೆ ನೆರೆಯವರು ನೊಂದುಕೊಳ್ಳುವುದಿಲ್ಲವೇ?

ಪ್ರಶ್ನೆ ಹೊಸದಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಗ್ರೀಸಿನ ಕೊರಿಂಥ ಪಟ್ಟಣದಲ್ಲಿ ಗುಡಿಗಳಲ್ಲಿ ಬಲಿಯಿತ್ತ ಮಾಂಸ ಮಾರುಕಟ್ಟೆಗೂ ಬರುತ್ತಿತ್ತು. ಅಲ್ಲಿನ ಸಭೆಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳಲ್ಲಿ ಪೌಲ ಇದನ್ನೇ ಚರ್ಚಿಸುತ್ತಾನೆ. ಅಂಗಡಿಯಲ್ಲಿ ಕೊಂಡದ್ದನ್ನು ವಿಚಾರಿಸದೆ ತಿನ್ನಬಹುದು. ನೆರೆಯವರು ಕರೆದ ಊಟಕ್ಕೂ ಅಡ್ಡಿಯಿಲ್ಲ. ಆದರೆ ಇದು ಬಲಿ ಅರ್ಪಿಸಿದ್ದು ಎಂದು ಯಾರಾದರೂ ಎತ್ತಿ ಹೇಳಿದರೆ ಹೇಳಿದವರ ಮನಸ್ಸಾಕ್ಷಿಗಾಗಿ ಬಿಡಬೇಕು. ಗುಡಿಯ ಪೂಜೆಯಲ್ಲೇ ಪಾಲುಗೊಳ್ಳುವುದು ಮಾತ್ರ ಕೂಡದು. ಈ ಮಾತು ಹಿಡಿದು ಪ್ರಸಾದವನ್ನು ಕೈಮುಗಿದು ನಿರಾಕರಿಸುವವರಿದ್ದಾರೆ. ತಿನಿಸಿನಿಂದ ದೇವರಿಗೆ ಯಾರೂ ಹತ್ತಿರವಾಗುವುದಿಲ್ಲ ಎಂಬ ಅದೇ ಪತ್ರದ ಇನ್ನೊಂದು ಮಾತು ಹಿಡಿದು ತೆಗೆದುಕೊಳ್ಳುವವರೂ ಇದ್ದಾರೆ.

ತಾಳಿ, ಕುಂಕುಮ, ಗಂಧದ ವಿಚಾರದಲ್ಲಿ ಬೈಬಲ್ ಹೀಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಹಾಗಾಗಿ ಜಗಳ ದೀರ್ಘವಾಯಿತು. ಮಧುರೆಯಲ್ಲಿ ಸನ್ಯಾಸಿಯ ವೇಷದಲ್ಲಿದ್ದ ಇಟಲಿಯ ಪಾದ್ರಿ ದೆ ನೊಬಿಲಿ, ಜನಿವಾರ, ಜುಟ್ಟು, ಗಂಧ ಇವೆಲ್ಲ ಲೋಕಾಚಾರ, ಪೂಜೆಯಲ್ಲ ಎಂದು ವಾದಿಸಿದರು. 1623ರಲ್ಲಿ ಪೋಪ್ 15ನೇ ಗ್ರೆಗರಿ ಅದಕ್ಕೆ ಒಪ್ಪಿಗೆಯಿತ್ತರು. 17ನೇ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಚಿನ್ನಾಮಿ ಕೂಡ ಅದೇ ಹಾದಿ ಹಿಡಿದರು.

1704ರಲ್ಲಿ ಗಾಳಿ ತಿರುಗಿತು. ಪೋಪರ ಪ್ರತಿನಿಧಿ ತೂರ್ನೋ ಪಾಂಡಿಚೇರಿಯಲ್ಲಿ ಹೊರಡಿಸಿದ ಆಜ್ಞೆ ಪಿಳ್ಳೆಯಾರ್ ಬಿಂಬವಿರುವ ತಾಳಿಯನ್ನು ನಿಷೇಧಿಸಿತು. ತಾಳಿಯನ್ನೇ ಕಿತ್ತೊಗೆಯಲಿಲ್ಲ, ಬಿಂಬದ ಬದಲು ಶಿಲುಬೆ ಬರಲಿ ಎಂದಿತು. ಹೆಣ್ಣು ಮೈನೆರೆದಾಗ ಮಾಡುವ ಸಂಭ್ರಮವನ್ನೂ ತಡೆಯಿತು. ಜೊತೆಗೇ, ಮುಟ್ಟಿನ ಕಾರಣಕ್ಕೆ ಹೆಂಗಸರನ್ನು ಸಂಸ್ಕಾರಗಳಿಂದ ದೂರವಿಡಬಾರದು ಎಂದೂ ಹೇಳಿತು. ಇದು ಇಂದಿಗೂ ಓದಿ ನೋಡಬೇಕಾದ ಮಾತು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಈ ಆಜ್ಞೆಯನ್ನು ಬಹುಮಟ್ಟಿಗೆ ಗಟ್ಟಿಗೊಳಿಸಿದರು. ಇಂತಹ ಆಚರಣೆಗಳ ವಿರುದ್ಧ ಪಾದ್ರಿಗಳು ಮಾಡಬೇಕಿದ್ದ ಪ್ರಮಾಣವನ್ನು ರೋಮ್ ಕೈಬಿಟ್ಟದ್ದು 1940ರಲ್ಲಿ.

ಈ ನಡುವೆ 1831ರ ಹೊತ್ತಿಗೆ ಬಳ್ಳಾರಿಯಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಯಾವುದು ಸರಿ, ಯಾವುದು ತಪ್ಪು ಎಂದು ರೋಮಿನ ಕಡೆ ನೋಡದೆ ಮನೆಯ ಜಗಲಿಯಲ್ಲೇ ಓದಿ ತೂಗಬಹುದಾಯಿತು. ಓದಿದವರಿಗೆ ಮೊದಲು ಸಿಗುವ ಅಳತೆಗೋಲು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ. ಕೈತೊಳೆಯುವ ಹಿರಿಯರ ಸಂಪ್ರದಾಯ ಮುರಿದಿರೆಂದು ಶಿಷ್ಯರ ಮೇಲೆ ದೂರು ಬಂದಾಗ, ದೇವರಿಗೆ ಮೀಸಲು ಎಂಬ ನೆಪ ಹೇಳಿ ತಂದೆತಾಯಿಯನ್ನು ನೋಡಿಕೊಳ್ಳದಿರುವುದು ಯಾವ ಸಂಪ್ರದಾಯ ಎಂದು ಯೇಸು ತಿರುಗಿ ಕೇಳಿದರು. ಆಚಾರ ಹಳೆಯದೋ ಹೊಸದೋ ಎನ್ನುವುದಲ್ಲ, ಅದರಿಂದ ಯಾರಿಗೆ ಅನ್ಯಾಯವಾಗುತ್ತಿದೆ ಎನ್ನುವುದು ಅಲ್ಲಿನ ಪ್ರಶ್ನೆ.

ಈ ಕೋಲಿನಿಂದ ಅಳೆದರೆ ಕುಂಕುಮಕ್ಕಿಂತ ಮೊದಲು ಸಿಕ್ಕಿಬೀಳುವುದು ಜಾತಿ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಜಾತಿಯನ್ನು ಬಿಟ್ಟೇ ಸಭೆಗೆ ಬರಬೇಕೆಂದು ಪಟ್ಟು ಹಿಡಿಯಿತು. ಬೇರೆಡೆ ಹಾಗಾಗಲಿಲ್ಲ. ತಮಿಳುನಾಡಿನ ವಡಕ್ಕನ್‌ಕುಲಂ ಚರ್ಚಿನೊಳಗೆ ಜಾತಿಗಳ ನಡುವೆ ಗೋಡೆಯೇ ಇತ್ತು, ಅದನ್ನು ಕೆಡವಿದ್ದು 1910ರಲ್ಲಿ. ವಧೂವರರನ್ನು ಹುಡುಕುವಾಗ ಜಾತಿ ಕೇಳುವ ಕ್ರೈಸ್ತ ಮನೆಗಳು ಇಂದಿಗೂ ಇವೆ. ತಾಳಿಯ ಬಗ್ಗೆ ಮೌನವಾಗಿರುವ ಗ್ರಂಥ ಈ ವಿಷಯದಲ್ಲಿ ಮೌನವಾಗಿಲ್ಲ. ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ ಉಣ್ಣುತ್ತಿದ್ದ ಪೇತ್ರ, ತನ್ನ ಕಡೆಯವರು ಬಂದೊಡನೆ ಪಂಕ್ತಿಯಿಂದ ಎದ್ದು ಬೇರೆ ಕೂತ. ಆತನನ್ನು ಎಲ್ಲರೆದುರಿಗೇ ತರಾಟೆಗೆ ತೆಗೆದುಕೊಂಡೆನೆಂದು ಪೌಲ ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ.