ಹಾರುಬೂದಿ ಮತ್ತು ಇಟ್ಟಿಗೆಯ ಗೂಡು

ಚೆನ್ನೈ ನಗರದ ಉತ್ತರದ ಅಂಚಿನಲ್ಲಿ, ಕೊಸಸ್ತಲೈ ನದಿಯು ಎಣ್ಣೂರಿನ ಅಳಿವೆಯನ್ನು ಸೇರುವೆಡೆಯಲ್ಲಿ, ಬೂದುಬಣ್ಣದ ಕೆಸರು ಬಹುದೂರ ಹರಡಿಕೊಂಡಿದೆ. ಅದು ನದಿ ತಂದ ಮೆಕ್ಕಲಲ್ಲ. ಕಲ್ಲಿದ್ದಲನ್ನು ಉರಿಸಿ ವಿದ್ಯುತ್ತನ್ನು ಪಡೆದ ಮೇಲೆ ಉಳಿದ ಬೂದಿ. ಎಣ್ಣೂರಿನ ಶಾಖವಿದ್ಯುತ್ ಕೇಂದ್ರವು 1970ರಲ್ಲಿ ಆರಂಭವಾಗಿ 2017ರಲ್ಲಿ ಮುಚ್ಚಿತು. ಅದರ ನೆರೆಯ ಉತ್ತರ ಚೆನ್ನೈ ಕೇಂದ್ರವು 1990ರ ದಶಕದ ನಡುವೆ ಮೊದಲಾಗಿ ಇಂದಿಗೂ ನಡೆಯುತ್ತಿದೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ನೂರಕ್ಕೆ 30ರಿಂದ 45ರವರೆಗೆ ಇರುವುದರಿಂದ, ಮೂರು ಗಾಡಿ ಕಲ್ಲಿದ್ದಲು ಉರಿದರೆ ಸುಮಾರು ಒಂದು ಗಾಡಿಯಷ್ಟು ಬೂದಿ ಉಳಿಯುವುದು. ಇದನ್ನು ನೀರಿನಲ್ಲಿ ಕಲಸಿ ಕೊಳವೆಗಳ ಮೂಲಕ ಬೂದಿಕೊಳಗಳಿಗೆ ಸಾಗಿಸುವುದು ರೂಢಿ. ಕೊಳವೆ ಸೋರಿದಾಗ ಬೂದಿ ಅಳಿವೆಯನ್ನು ಸೇರುತ್ತದೆ. ಹೂಳು ತುಂಬಿ ಮೀನು, ಸೀಗಡಿಗಳನ್ನು ನಂಬಿದ ಬೆಸ್ತರ ಬದುಕು ಬರಿದಾಗುತ್ತದೆ. ಈ ಮಾಲಿನ್ಯವನ್ನು ಕುರಿತು 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ದಕ್ಷಿಣ ಪೀಠವು ತೀರ್ಪಿತ್ತು, ಕೆಡಿಸಿದವರೇ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು.

ಆದರೆ ಬೂದಿಯನ್ನು ಎಲ್ಲಿ ಸುರಿಯಬೇಕೆಂಬುದಕ್ಕಿಂತ, ಅದನ್ನು ಯಾವ ಪದಾರ್ಥವೆಂದು ಎಣಿಸಬೇಕೆಂಬುದೇ ಮೂಲಭೂತವಾದ ಪ್ರಶ್ನೆ. ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಬೂದಿಯು ಜೇಡಿಮಣ್ಣಿನ ದಾಯಾದಿ. ಕಲ್ಲಿದ್ದಲಿನ ಪದರಗಳ ನಡುವೆ ಸೇರಿಕೊಂಡಿದ್ದ ಮಣ್ಣೇ ಕುಲುಮೆಯ ಶಾಖಕ್ಕೆ ಕರಗಿ, ಹೊಗೆಯೊಡನೆ ಹಾರುತ್ತ ಸಣ್ಣ ಗಾಜಿನ ಗುಂಡುಗಳಾಗಿ ಗಟ್ಟಿಯಾಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಿಲಿಕಾ, ಸುಮಾರು ಕಾಲುಭಾಗ ಅಲ್ಯೂಮಿನಾ, ಉಳಿದಂತೆ ಕಬ್ಬಿಣದ ಆಕ್ಸೈಡು, ಸ್ವಲ್ಪ ಸುಣ್ಣ ಮತ್ತು ಉರಿಯದೆ ಉಳಿದ ಇಂಗಾಲ ಇರುತ್ತವೆ. ಸಿಲಿಕಾ ಮತ್ತು ಅಲ್ಯೂಮಿನಾಗಳೇ ಕುಂಬಾರನ ಮಡಕೆಗೂ ಪಿಂಗಾಣಿಯ ಬಟ್ಟಲಿಗೂ ಆಧಾರವಾದವು. ಆದುದರಿಂದ ಬೂದಿಯನ್ನು ಒಮ್ಮೆ ಬೆಂಕಿ ಕಂಡ ಮಣ್ಣೆಂದು ಕರೆದರೆ ತಪ್ಪಾಗದು.

ಈ ಮಣ್ಣನ್ನು ಉಪಯೋಗಿಸುವ ಮಾರ್ಗಗಳು ಹಲವು. ಮೊದಲನೆಯದು ಸುಡದ ಇಟ್ಟಿಗೆ. ಬೂದಿಗೆ ಸುಣ್ಣ, ಜಿಪ್ಸಂ, ಮರಳುಗಳನ್ನು ಬೆರೆಸಿ ಅಚ್ಚಿನಲ್ಲಿ ಒತ್ತಿ ನೀರುಣಿಸಿದರೆ, ಸುಣ್ಣವು ಬೂದಿಯ ಗಾಜಿನೊಡನೆ ಸಂಯೋಗಹೊಂದಿ ಸಿಮೆಂಟಿನಂತೆ ಬಿಗಿಯುತ್ತದೆ. ಗೂಡಿನ ಉರಿಯೇ ಬೇಡದ ಈ ಇಟ್ಟಿಗೆ ಬಹು ಉಪಯುಕ್ತವಾದುದಾದರೂ ಕಟ್ಟುನಿಟ್ಟಾದ ಅರ್ಥದಲ್ಲಿ ಸೆರಾಮಿಕ್ ಅಲ್ಲ. ಆ ಹೆಸರು ಬೆಂಕಿಯಲ್ಲಿ ಬೆಂದು ಗಟ್ಟಿಯಾದ ವಸ್ತುವಿಗೆ ಸಲ್ಲುವುದು.

ಎರಡನೆಯದು ಜೇಡಿಮಣ್ಣಿಗೆ ಬೂದಿಯನ್ನು ಬೆರೆಸಿ ಸುಡುವ ಇಟ್ಟಿಗೆ. ಅಂಟು ಹೆಚ್ಚಾದ ಮಣ್ಣು ಒಣಗುವಾಗ ಬಿರುಕುಬಿಡುತ್ತದೆ. ಬೂದಿ ಬೆರೆತರೆ ಆ ದೋಷ ತಗ್ಗುತ್ತದೆ. ಬೂದಿಯಲ್ಲಿ ಉಳಿದಿರುವ ಇಂಗಾಲವು ಇಟ್ಟಿಗೆಯ ಒಳಗೇ ಉರಿದು ಗೂಡಿನ ಸೌದೆಯನ್ನು ಉಳಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕೆರೆಯಂಗಳದ ಮತ್ತು ಹೊಲದ ಮೇಲ್ಮಣ್ಣು ಅಷ್ಟರಮಟ್ಟಿಗೆ ಉಳಿಯುತ್ತದೆ. ಈ ಕಾರಣದಿಂದಲೇ ಕೇಂದ್ರ ಸರ್ಕಾರವು 1999ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಪ್ರಕಟಣೆಯಲ್ಲಿ, ಶಾಖವಿದ್ಯುತ್ ಕೇಂದ್ರದಿಂದ 50 ಕಿಲೋಮೀಟರುಗಳೊಳಗಿನ ಇಟ್ಟಿಗೆಯವರು ತೂಕದಲ್ಲಿ ನೂರಕ್ಕೆ 25ರಷ್ಟಾದರೂ ಬೂದಿಯನ್ನು ಬೆರೆಸಬೇಕೆಂದು ವಿಧಿಸಿತು. 2021ರ ಡಿಸೆಂಬರಿನ ಪ್ರಕಟಣೆಯು ಬೂದಿಯೆಲ್ಲವನ್ನೂ ಉಪಯೋಗಕ್ಕೆ ತರುವ ಹೊಣೆಯನ್ನು ವಿದ್ಯುತ್ ಕೇಂದ್ರಗಳ ಮೇಲೆಯೇ ಹೊರಿಸಿತು.

ಮೂರನೆಯದು ಹೆಚ್ಚಿನ ಬೆಲೆಯ ಪದಾರ್ಥಗಳ ಮಾರ್ಗ. ಮುಲ್ಲೈಟ್ ಎಂಬ ಹರಳು ಮಹಾಶಾಖವನ್ನು ತಾಳಬಲ್ಲುದಾಗಿ, ಕುಲುಮೆಗಳ ಒಳಗೋಡೆಗೆ ಬೇಕಾದುದು. ಅದರಲ್ಲಿ ಅಲ್ಯೂಮಿನಾ ನೂರಕ್ಕೆ ಸುಮಾರು 72, ಸಿಲಿಕಾ 28. ಬೂದಿಯಲ್ಲಿ ಈ ಹರಳು ಅಲ್ಪವಾಗಿ ಮೊದಲೇ ಇರುತ್ತದೆ. ಅಲ್ಯೂಮಿನಾವನ್ನು ಕೂಡಿಸಿ, ಕಬ್ಬಿಣವನ್ನು ಕಳೆದು, ಹೆಚ್ಚಿನ ಶಾಖದಲ್ಲಿ ಸುಟ್ಟರೆ ಬೆಳೆಯುತ್ತದೆ. ತ್ಯಾಜ್ಯವನ್ನು ಕರಗಿಸಿ ಗಾಜಾಗಿಸಿ, ಮತ್ತೆ ಹದವಾಗಿ ಕಾಯಿಸಿ ಅದರೊಳಗೆ ಹರಳುಗಳನ್ನು ಮೂಡಿಸುವುದೂ ಉಂಟು. ಸೋವಿಯತ್ ಒಕ್ಕೂಟದಲ್ಲಿ 1960ರ ದಶಕದಲ್ಲಿಯೇ ಕಬ್ಬಿಣದ ಕುಲುಮೆಯ ಕಿಟ್ಟದಿಂದ ಈ ರೀತಿಯಲ್ಲಿ ನೆಲದ ಹಾಸುಗಳನ್ನು ತಯಾರಿಸಿದರು.

ಹೀಗಿದ್ದರೂ ಬೂದಿಕೊಳಗಳು ಬರಿದಾಗಲಿಲ್ಲವೇಕೆ? ವಿದ್ಯುತ್ ಕೇಂದ್ರದಲ್ಲಿಯೇ ಹಿಡಿದ ಒಣಬೂದಿ ನಯವಾದುದು. ಸಿಮೆಂಟ್ ಕಾರ್ಖಾನೆಗಳು ಅದನ್ನು ಬಯಸಿ ಕೊಳ್ಳುತ್ತವೆ. ಕೊಳವನ್ನು ಸೇರಿದ ಬೂದಿಯಾದರೋ ಕುಲುಮೆಯ ತಳದ ಒರಟು ಬೂದಿಯೊಡನೆ ಬೆರೆತಿರುತ್ತದೆ, ನೀರು ತುಂಬಿರುತ್ತದೆ. ಉಪ್ಪುನೀರು ತಾಗಿದ್ದರೆ ಗೋಡೆಯ ಮೇಲೆ ಬಿಳಿಯ ಲವಣ ಹೊಮ್ಮುವ ಭಯವೂ ಇದೆ. ಬೂದಿಗೆ ಬೆಲೆಯಿಲ್ಲದಿರಬಹುದು, ಆದರೆ ಅದನ್ನು ತೆಗೆದು, ಒಣಗಿಸಿ, ಸಾಗಿಸುವುದಕ್ಕೆ ಬೆಲೆಯುಂಟು. ಲೆಕ್ಕ ಮಾಡುವಾಗ ಅಳಿವೆ ಹಾಳಾದುದರ ವೆಚ್ಚವನ್ನು ಬಿಟ್ಟು, ಬಾಡಿಗೆಯ ವೆಚ್ಚವನ್ನು ಮಾತ್ರ ಎಣಿಸುವುದರಿಂದಲೇ ಕೊಳದ ಬೂದಿಯ ಇಟ್ಟಿಗೆ ದುಬಾರಿಯಾಗಿ ಕಾಣುತ್ತದೆ.

ಇನ್ನೊಂದು ಎಚ್ಚರಿಕೆಯ ಮಾತೂ ಇಲ್ಲಿ ಅವಶ್ಯ. ಸುಟ್ಟರೆ ಯಾವ ಮಲಿನ ವಸ್ತುವೂ ಶುದ್ಧವಾಗುವುದೆಂಬ ನಂಬಿಕೆ ಸರಿಯಲ್ಲ. ಇದಕ್ಕೆ ನಿದರ್ಶನ ಚರ್ಮ ಹದಮಾಡುವ ಉದ್ಯಮದ ಕೆಸರು. ಚರ್ಮಕ್ಕೆ ಊಡಿಸುವ ಕ್ರೋಮಿಯಂ ಲವಣದ ಒಂದು ಭಾಗ ನೀರಿನೊಡನೆ ಹೊರಬಿದ್ದು ಕೆಸರನ್ನು ಸೇರುತ್ತದೆ. ಇದು ಹಸುರು ಬಣ್ಣದ ತ್ರಿಸಂಯೋಜಕ ಕ್ರೋಮಿಯಂ, ಅಷ್ಟೇನೂ ವಿಷವಲ್ಲ. ಈ ಕೆಸರನ್ನು ಮಣ್ಣಿಗೆ ಬೆರೆಸಿ ಇಟ್ಟಿಗೆ ಸುಡಬಹುದೆಂದು ತೋರುತ್ತದೆ. ಆದರೆ ಧಾರಾಳವಾಗಿ ಗಾಳಿಯಾಡುವ ಗೂಡಿನಲ್ಲಿ ಸುಟ್ಟರೆ, ವಿಶೇಷವಾಗಿ ಸುಣ್ಣವಿದ್ದಲ್ಲಿ, ಅದು ಹಳದಿಯ ಷಟ್ಸಂಯೋಜಕ ರೂಪಕ್ಕೆ ತಿರುಗುತ್ತದೆ. ಆ ರೂಪ ನೀರಿನಲ್ಲಿ ಕರಗುವಂಥದು, ಕ್ಯಾನ್ಸರಿಗೆ ಕಾರಣವಾಗುವಂಥದು. ಚೆನ್ನೈಯ ಅಡೆಯಾರಿನಲ್ಲಿ 1948ರಲ್ಲಿ ಸ್ಥಾಪಿತವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗಾಳಿಯನ್ನು ಮಿತಗೊಳಿಸಿ ಕೆಸರನ್ನು ಸುಟ್ಟು, ಆ ಬೂದಿಯನ್ನು ಗಟ್ಟಿಯಾಗಿ ಕಟ್ಟುವ ಪ್ರಯೋಗಗಳನ್ನು ನಡೆಸಿದುದು ಈ ಅಪಾಯವನ್ನು ತಪ್ಪಿಸುವುದಕ್ಕಾಗಿಯೇ. ಹಾರುಬೂದಿಯಲ್ಲಿಯೂ ಆರ್ಸೆನಿಕ್, ಸೀಸ ಮೊದಲಾದವು ಅತ್ಯಲ್ಪವಾಗಿ ಇರುತ್ತವೆ. ಚೆನ್ನಾಗಿ ಬೆಂದ ಇಟ್ಟಿಗೆಯ ಗಾಜಿನಂಶವು ಅವುಗಳಲ್ಲಿ ಬಹುಪಾಲನ್ನು ಬಂಧಿಸಬಲ್ಲುದು. ಪಾದರಸ ಮಾತ್ರ ಹೊಗೆಯಾಗಿ ಹೊರಟುಹೋಗುವುದು. ಆದಕಾರಣ ಇಟ್ಟಿಗೆಯ ಭಾರ ಹೊರುವ ಶಕ್ತಿಯನ್ನು ಪರೀಕ್ಷಿಸಿದರೆ ಸಾಲದು. ಅದನ್ನು ಪುಡಿಮಾಡಿ, ತುಸು ಹುಳಿಯಾದ ನೀರಿನಲ್ಲಿ ಕದಡಿ, ಏನೇನು ಹೊರಬರುವುದೆಂಬುದನ್ನೂ ಪರೀಕ್ಷಿಸಬೇಕು.

ಚೆನ್ನೈಗೆ ಇಂತಹ ಪರೀಕ್ಷೆ ಹೊಸದಲ್ಲ. 1850ರಲ್ಲಿ ವೈದ್ಯ ಅಲೆಗ್ಸಾಂಡರ್ ಹಂಟರ್ ಮದರಾಸಿನಲ್ಲಿ ಕಲಾಶಾಲೆಯನ್ನು ಸ್ಥಾಪಿಸಿ, ಈ ಪ್ರಾಂತ್ಯದ ಮಣ್ಣುಗಳಲ್ಲಿ ಯಾವುದು ಯಾವ ಪಾತ್ರೆಗೆ ಯೋಗ್ಯವೆಂಬುದನ್ನು ಸುಟ್ಟು ನೋಡಿ ತಿಳಿಯುವ ಕೆಲಸಕ್ಕೆ ತೊಡಗಿದನು. ಇಂದು ಬೇಕಾಗಿರುವುದು ಅದೇ ವಿವೇಕ. ರಾಯಚೂರಿನ ಶಕ್ತಿನಗರದಲ್ಲಿಯೂ ಬೂದಿಯ ಸಮಸ್ಯೆ ಇಂತಹುದೇ ಆಗಿರುವುದರಿಂದ, ಎಣ್ಣೂರಿನ ಅನುಭವ ಕನ್ನಡನಾಡಿಗೂ ಸಲ್ಲುವ ಪಾಠ. ಪ್ರತಿಯೊಂದು ಕೊಳದ ಬೂದಿಯನ್ನೂ ಒಂದು ಹೊಸ ಮಣ್ಣೆಂದು ಭಾವಿಸಿ, ಅದರ ಗುಣದೋಷಗಳನ್ನು ಅರಿತ ಮೇಲೆಯೇ ಗೂಡಿಗೆ ಇಡಬೇಕು. ಹಾಗೆ ಮಾಡಿದಲ್ಲಿ ಅಳಿವೆಯನ್ನು ಹೂಳುತ್ತಿರುವ ಪದಾರ್ಥವು ಮನೆಯ ಗೋಡೆಯಾಗುವುದು. ಮಾಡದಿದ್ದಲ್ಲಿ ನದಿಯ ವಿಷ ಗೋಡೆಯನ್ನು ಸೇರುವುದು.