ಟೆಲಿಫೋನ್ ತಂತಿಗೆ ಗಣಕಯಂತ್ರವನ್ನು ಬೆಸೆದ ಕಾರ್ಡು

ಮಾತಿಗೆಂದು ಎಳೆದ ಟೆಲಿಫೋನ್ ತಂತಿಯ ಮೇಲೆ ಲೆಕ್ಕಪತ್ರಗಳನ್ನೂ ಕಳುಹಿಸಬೇಕೆಂಬ ಹಂಬಲ ಹಳೆಯದು. ಮೊದಲು ಈ ಕೆಲಸ ಮೋಡೆಮ್ ಎಂಬ ಪೆಟ್ಟಿಗೆಯದಾಗಿತ್ತು. ಅದು ಅಂಕಿಗಳನ್ನು ಸ್ವರಗಳನ್ನಾಗಿ ಮಾರ್ಪಡಿಸಿ ತಂತಿಗೆ ಬಿಡುತ್ತಿತ್ತು. 1984ರಲ್ಲಿ ಐ.ಎಸ್.ಡಿ.ಎನ್. ಎಂಬ ವ್ಯವಸ್ಥೆಗೆ ಅಂತರರಾಷ್ಟ್ರೀಯ ನಿಯಮಗಳು ಗೊತ್ತಾದವು. ಇದರಲ್ಲಿ ಮಾತೂ ಬರಹವೂ ಅಂಕಿಗಳಾಗಿಯೇ ಹರಿಯುವುವು.

ಮನೆಯ ಅದೇ ತಾಮ್ರದ ತಂತಿಯಲ್ಲಿ ಮೂರು ದಾರಿಗಳು. ಸೆಕೆಂಡಿಗೆ 64,000 ಬಿಟ್ ಸಾಗಿಸುವವು ಎರಡು. ಕರೆಯನ್ನು ಕೂಡಿಸುವ, ಬಿಡಿಸುವ ಸಂಜ್ಞೆಗಳಿಗೆ 16,000 ಬಿಟ್ಟಿನದು ಒಂದು. ಹೋಟೆಲಿನಲ್ಲಿ ತಿಂಡಿ ತರುವವರು ಇಬ್ಬರು, ಆರ್ಡರು ಕೂಗುವವನು ಬೇರೊಬ್ಬನು ಇದ್ದಂತೆ! ಆದುದರಿಂದ ಒಂದು ದಾರಿಯಲ್ಲಿ ಮಾತು ನಡೆದಿರುವಾಗಲೇ ಇನ್ನೊಂದರಲ್ಲಿ ಪತ್ರ ಹೋಗಬಹುದಾಗಿತ್ತು. ಇಪ್ಪತ್ತು ಸಾವಿರ ಅಕ್ಷರಗಳ ಲೆಕ್ಕಪತ್ರಕ್ಕೆ 2,400 ಬಿಟ್ಟಿನ ಮೋಡೆಮ್ ಸುಮಾರು 83 ಸೆಕೆಂಡು ತೆಗೆದುಕೊಂಡರೆ, ಇಲ್ಲಿ ಎರಡೂವರೆ ಸೆಕೆಂಡು ಸಾಕು.

ಪಶ್ಚಿಮ ಜರ್ಮನಿಯಲ್ಲಿ 1987ರಲ್ಲಿ ಮಾನ್‌ಹೈಮ್, ಸ್ಟುಟ್‌ಗಾರ್ಟ್ ನಗರಗಳಲ್ಲಿ ಇದರ ಪ್ರಯೋಗ ನಡೆದು, 1989ರಲ್ಲಿ ಸೇವೆ ಸಾರ್ವಜನಿಕರಿಗೆ ತೆರೆಯಿತು. ಗಣಕಯಂತ್ರದ ಒಳಗಿನ ಖಾಲಿ ಗೂಡಿಗೆ ಸಿಕ್ಕಿಸುವ ಕಾರ್ಡುಗಳು ಆಗ ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಅದರದೇ ಸಂಸ್ಕಾರಕ ಹಾಗೂ ಸ್ಮೃತಿ ಇದ್ದು, ಬೆಲೆ ಹೆಚ್ಚು. ಇನ್ನೊಂದು ಅಗ್ಗ, ಆದರೆ ಸಂಜ್ಞೆಗಳನ್ನು ಬಿಡಿಸುವ ಭಾರವನ್ನೆಲ್ಲ ಗಣಕಯಂತ್ರದ ಮೇಲೆಯೇ ಹೊರಿಸುತ್ತಿತ್ತು.

ಕೊಳ್ಳುವವನ ನಿಜವಾದ ತೊಡಕು ಬೇರೆಯೇ ಇದ್ದಿತು. ಒಬ್ಬ ತಯಾರಕನ ಕಾರ್ಡಿಗೆ ಬರೆದ ತಂತ್ರಾಂಶ ಮತ್ತೊಬ್ಬನ ಕಾರ್ಡಿನಲ್ಲಿ ನಡೆಯದಿದ್ದರೆ, ಕಾರ್ಡು ಬದಲಿಸಿದವನು ತಂತ್ರಾಂಶಕ್ಕೂ ಮತ್ತೆ ಹಣ ತೆರಬೇಕಷ್ಟೆ. ಈ ಬಂಧನವನ್ನು ಬಿಡಿಸಲೆಂದೇ 1989ರಲ್ಲಿ ಜರ್ಮನಿಯ ತಯಾರಕರು ‘ಕ್ಯಾಪಿ’ ಎಂಬ ಸಮಾನ ಒಪ್ಪಂದಕ್ಕೆ ಕೈಹಾಕಿದರು; 1990ರಲ್ಲಿ ಅದರ 1.1ನೆಯ ಆವೃತ್ತಿ ಹೊರಬಂದಿತು. ತಂತ್ರಾಂಶವು ಕ್ಯಾಪಿಯ ಭಾಷೆಯಲ್ಲಿ ಕೇಳುವುದು; ಆ ಭಾಷೆಯನ್ನು ಬಲ್ಲ ಯಾವ ಕಾರ್ಡಾದರೂ ಉತ್ತರಿಸುವುದು. ಪೈಪೋಟಿ ಬೆಲೆ ಗುಣಗಳಲ್ಲಿ ಉಳಿಯಿತು, ಭಾಷೆಯಲ್ಲಿ ಅಲ್ಲ. ಬರ್ಲಿನ್ನಿನ ಎ.ವಿ.ಎಂ. ಸಂಸ್ಥೆಯು 1995ರಲ್ಲಿ ತಂದ ‘ಫ್ರಿಟ್ಸ್’ ಕಾರ್ಡು ಮನೆಮನೆಗಳನ್ನೂ ಹೊಕ್ಕಿತು.

ಹಾಗೆಂದು ವೇಗವು ಪುಕ್ಕಟೆಯಾಗಿ ದೊರೆಯುತ್ತಿರಲಿಲ್ಲ. ಎರಡು ದಾರಿಗಳನ್ನೂ ಜೋಡಿಸಿ 1,28,000 ಬಿಟ್ ಪಡೆದವನು ಎರಡು ಕರೆಗಳ ಶುಲ್ಕವನ್ನು ತೆರಬೇಕಾಗಿತ್ತು. 1999ರಲ್ಲಿ ಜರ್ಮನಿಯಲ್ಲಿ ಡಿ.ಎಸ್.ಎಲ್. ಬಂದ ಮೇಲೆ ಈ ಕಾರ್ಡುಗಳ ದಿನಗಳು ಮುಗಿಯುತ್ತ ಬಂದವು. ಇಂದು ಅವು ಗುಜರಿಯ ಸಾಮಾನಾಗಿರಬಹುದು. ಆದರೆ ಸ್ಪರ್ಧಿಗಳು ಕೂಡಿ ಕುಳಿತು ಒಂದು ಭಾಷೆಯನ್ನು ಒಪ್ಪಿದರೆ ಲಾಭವು ಗಿರಾಕಿಗೂ ಸಲ್ಲುವುದೆಂಬುದಕ್ಕೆ ಅವು ಒಳ್ಳೆಯ ಸಾಕ್ಷಿ.